ಪದರು ಬಿಡಿಸುವ ಉಗಿ

ಹೆಬ್ಬಳ್ಳಿಯಿಂದ ದೊಡ್ಡವ್ವ ಫೋನ್ ಮಾಡಿದಾಗ ಮಧ್ಯಾಹ್ನ ಮೂರೂವರೆ. ಮೊಮ್ಮಕ್ಕಳಿಬ್ಬರನ್ನು ಕರೆದುಕೊಂಡು ಆಗಲೇ ಬಸ್ಸು ಹತ್ತಿದ್ದಳು. ಹೆಬ್ಬಳ್ಳಿ ಧಾರವಾಡ ತಾಲ್ಲೂಕಿನ ದೊಡ್ಡ ಹಳ್ಳಿ. ಬಸ್ಸು ಹೊರಟರೆ ಬಹಳ ಹೊತ್ತು ಹಿಡಿಯುವುದಿಲ್ಲ. ನಮ್ಮ ಮನೆಯೂ ಧಾರವಾಡದ ಹೆಬ್ಬಳ್ಳಿ ಅಗಸಿಯ ಹತ್ತಿರವೇ ಇದೆ. ಸಜ್ಜಕ ಕೆದಕುವಷ್ಟು ವೇಳೆ ಇತ್ತು. ಆದರೆ ಹಿಂದಿನಿಂದ ಮಕ್ಕಳ ದನಿ ಕೇಳಿಸಿತು: "ಬೇಕರ್ಯಾಗ ಸಿಗ್ತೈತಲ್ಲ, ಅಂಥಾದ್ದು ಮಾಡು."

ಫ್ರೀಜರ್‌ನಲ್ಲಿ ಪಫ್ ಹಾಳೆಯ ಪ್ಯಾಕೆಟ್ ಒಂದಿತ್ತು. ಅಂಗಡಿಯಲ್ಲಿ ಸಿಗುವ ಈ ಹಾಳೆ ನೋಡಲು ಏನೂ ವಿಶೇಷವಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ, ಬಿಳಿಚಿಕೊಂಡ, ಕಲ್ಲಿನಂತೆ ಗಟ್ಟಿಯಾದ ಚೌಕ. ಅದನ್ನು ಹೊರಗಿಟ್ಟು ಹತ್ತು ನಿಮಿಷ ಕಾದೆ. ಮಡಿಸಿದರೆ ಮುರಿಯದಷ್ಟು ಬಾಗಿತು. ಮುಟ್ಟಿದರೆ ಇನ್ನೂ ತಣ್ಣಗಿತ್ತು. ಅಷ್ಟೇ ಬೇಕು. ಕಟ್ಟೆಯ ಮೇಲೆ ಸಕ್ಕರೆ ಮತ್ತು ಯಾಲಕ್ಕಿ ಪುಡಿ ಹರಡಿ, ಅದರ ಮೇಲೆ ಹಾಳೆ ಹಾಸಿ, ಮೇಲೆ ಮತ್ತೆ ಸಕ್ಕರೆ ಉದುರಿಸಿ ಲಟ್ಟಣಿಗೆಯನ್ನು ಒಮ್ಮೆ ಹಗುರವಾಗಿ ಆಡಿಸಿದೆ. ಎರಡೂ ಬದಿಯಿಂದ ಸುತ್ತುತ್ತ ಬಂದು ನಡುವೆ ಕೂಡಿಸಿದೆ. ಬೆರಳಿನ ಅಗಲಕ್ಕೆ ಕತ್ತರಿಸಿದರೆ ಒಂದೊಂದು ತುಂಡೂ ಎರಡು ಸುರುಳಿ ಎದುರುಬದುರಾಗಿ ಕುಳಿತಂತೆ ಕಂಡಿತು. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟಿದ್ದ ಓವನ್ನಿನಲ್ಲಿ ಇಟ್ಟೆ. ಹದಿನೆಂಟು ನಿಮಿಷಕ್ಕೆ ಮನೆ ತುಂಬ ಸುಟ್ಟ ಸಕ್ಕರೆಯ ವಾಸನೆ. ದೊಡ್ಡವ್ವ ಚಪ್ಪಲಿ ಬಿಡುವ ಹೊತ್ತಿಗೆ ತಟ್ಟೆ ಹೊರಗೆ ಬಂದಿತ್ತು.

ಮಕ್ಕಳು ಬಿಸಿಬಿಸಿಯನ್ನೇ ಕಡಿದರು. ದೊಡ್ಡವ್ವ ಒಂದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಉಗುರಿನಿಂದ ಒಂದೊಂದೇ ಪದರು ಬಿಡಿಸಿದಳು.

"ಇದೇನ್ ಹೊಸಾದಲ್ಲ ತಗೀ. ಚಿರೋಟಿನ ಐತಿ ಇದು. ನಾವು ಎಣ್ಯಾಗ ಕರೀತಿದ್ವಿ, ನೀ ಪೆಟಗ್ಯಾಗ ಬೇಯಿಸಿದಿ." ಸ್ವಲ್ಪ ಹೊತ್ತು ತಿಂದು ಮತ್ತೆ ಕೇಳಿದಳು: "ಆದರ ಇದರಾಗ ಸಾಟಿ ಎಲ್ಲೈತಿ?"

ಈ ಅಧ್ಯಾಯ ಹುಟ್ಟಿದ್ದು ಆ ಪ್ರಶ್ನೆಯಿಂದ. ಚಿರೋಟಿ ಮಾಡಿದವರಿಗೆ ಸಾಟಿ ಎಂದರೆ ಏನೆಂದು ಹೇಳಬೇಕಿಲ್ಲ. ಮಾಡದವರಿಗಾಗಿ ಮುಂದೆ ವಿವರಿಸುತ್ತೇನೆ. ಮೊದಲು ಆ ಹಾಳೆಯೊಳಗೆ ಏನಿದೆ ನೋಡೋಣ.

ಹಾಳೆ ತಯಾರಾಗುವ ಬಗೆ ಹೀಗೆ. ಮೈದಾ, ನೀರು, ಉಪ್ಪು ಹಾಕಿ ಕಣಕ ನಾದುತ್ತಾರೆ. ಅದನ್ನು ಲಟ್ಟಿಸಿ, ನಡುವೆ ಬೆಣ್ಣೆಯ ಅಥವಾ ಮಾರ್ಗರಿನ್ನಿನ ಹಲಗೆಯಂಥ ತುಂಡನ್ನು ಇಟ್ಟು ಲಕೋಟೆಯ ಹಾಗೆ ಮುಚ್ಚುತ್ತಾರೆ. ಈಗ ಕೊಬ್ಬಿನ ಪದರು ಒಂದೇ. ಇದನ್ನು ಉದ್ದಕ್ಕೆ ಲಟ್ಟಿಸಿ ಧೋತರ ಮಡಿಸಿದಂತೆ ಮೂರು ಮಡಿಕೆ ಮಾಡಿದರೆ ಕೊಬ್ಬಿನ ಪದರು ಮೂರಾಗುತ್ತವೆ. ತಣ್ಣಗೆ ಮಾಡಿ, ಮತ್ತೆ ಲಟ್ಟಿಸಿ, ಮತ್ತೆ ಮೂರು ಮಡಿಕೆ: ಒಂಬತ್ತು. ಮೂರನೆಯ ಸಲಕ್ಕೆ 27, ನಾಲ್ಕನೆಯ ಸಲಕ್ಕೆ 81, ಐದಕ್ಕೆ 243, ಆರಕ್ಕೆ 729. ಫ್ರೆಂಚರು ಇಂಥ ಹಾಳೆಯಿಂದ ಮಾಡುವ ಒಂದು ಸಿಹಿಗೆ "ಸಾವಿರ ಎಲೆ" ಎಂಬ ಅರ್ಥದ ಹೆಸರಿಟ್ಟಿರುವುದು ಈ ಲೆಕ್ಕಕ್ಕೆ ಹತ್ತಿರವೇ ಇದೆ.

ಹಾಗಾದರೆ ಮಡಿಸುತ್ತಲೇ ಹೋದರೆ ಪದರು ಹೆಚ್ಚುತ್ತಲೇ ಹೋಗಬೇಕಲ್ಲ? ಹೋಗುವುದಿಲ್ಲ. ಅದಕ್ಕೆ ಕಾರಣ ಹಿಟ್ಟಿನ ಕಣದಲ್ಲಿದೆ. 3 ಮಿಲಿಮೀಟರ್ ಹಾಳೆಯಲ್ಲಿ 81 ಕೊಬ್ಬಿನ ಪದರುಗಳಿದ್ದರೆ, ಒಂದು ಕಣಕದ ಪದರು ಮತ್ತು ಒಂದು ಕೊಬ್ಬಿನ ಪದರು ಎರಡೂ ಸೇರಿ ದಪ್ಪ ಸುಮಾರು 37 ಮೈಕ್ರಾನ್. ಅಂದರೆ ತಲೆಗೂದಲಿನ ಅರ್ಧದಷ್ಟು. 243 ಆದರೆ 12 ಮೈಕ್ರಾನ್. 729 ಆದರೆ 4. ಗೋಧಿಯ ಪಿಷ್ಟದ ದೊಡ್ಡ ಹರಳುಗಳೇ 20ರಿಂದ 35 ಮೈಕ್ರಾನ್ ಇರುತ್ತವೆ. ಗೋಡೆ ಕಟ್ಟುವ ಕಲ್ಲಿಗಿಂತ ಗೋಡೆಯೇ ತೆಳ್ಳಗಿರಲು ಹೇಗೆ ಸಾಧ್ಯ? ಒಂದು ಹಂತ ದಾಟಿದ ಮೇಲೆ ಹರಳುಗಳು ಕೊಬ್ಬಿನ ತೆರೆಯನ್ನು ಹರಿದು ಆಚೆಯ ಪದರಿಗೆ ತಗಲುತ್ತವೆ, ಕಣಕಕ್ಕೆ ಕಣಕ ಅಂಟಿಕೊಳ್ಳುತ್ತದೆ. ಕಾಗದದ ಮೇಲಿನ 729 ತಟ್ಟೆಯ ಮೇಲೆ 729 ಆಗಿ ಉಳಿಯುವುದಿಲ್ಲ.

ಇನ್ನು ಉಬ್ಬುವ ವಿಚಾರ. ಈ ಹಾಳೆಯಲ್ಲಿ ಈಸ್ಟ್ ಇಲ್ಲ, ಸೋಡಾ ಇಲ್ಲ. ಬೇಯುವಾಗ ನಾಲ್ಕೈದು ಪಟ್ಟು ಎತ್ತರಕ್ಕೆ ಏಳಿಸುವುದು ನೀರು. ಜೋಳದ ರೊಟ್ಟಿಯ ಅಧ್ಯಾಯದಲ್ಲಿ ಇದನ್ನೇ ಕಂಡೆವು: ಹಂಚಿನ ಮೇಲೆ ರೊಟ್ಟಿಯ ಎರಡೂ ಮೈ ಒಣಗಿ ಬಿಗಿಯಾದಾಗ ಒಳಗಿನ ನೀರು ಉಗಿಯಾಗಿ ಅವೆರಡನ್ನೂ ಬೇರ್ಪಡಿಸಿ ಚೆಂಡಿನಂತೆ ಉಬ್ಬಿಸುತ್ತದೆ. ಒಂದು ಗ್ರಾಂ ನೀರು 100 ಡಿಗ್ರಿಯಲ್ಲಿ ಉಗಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. 100 ಗ್ರಾಂ ಪಫ್ ಹಾಳೆಯಲ್ಲಿ ಸುಮಾರು ಕಾಲು ಭಾಗ ನೀರೇ. ಅದೆಲ್ಲ ಉಗಿಯಾದರೆ 40 ಲೀಟರಿಗೂ ಹೆಚ್ಚು. ಎರಡು ಕೊಡ ತುಂಬಿ ಮಿಕ್ಕುವಷ್ಟು. ಬಹುಪಾಲು ಉಗಿ ಹೊರಗೆ ಹೋಗಿಬಿಡುತ್ತದೆ. ಹೋಗುವ ಮುನ್ನ ಪ್ರತಿ ಪದರಿನ ಕೆಳಗೂ ಒಂದು ಕ್ಷಣ ಸಿಕ್ಕಿಬಿದ್ದು ಅದನ್ನು ಎತ್ತುತ್ತದೆ. ಸಿಕ್ಕಿಬೀಳಲು ಕಾರಣ ಕೊಬ್ಬು. ಓವನ್ನಿನಲ್ಲಿ ಕರಗಿದ ಕೊಬ್ಬು ಪಕ್ಕದ ಕಣಕದ ಪದರುಗಳನ್ನು ಒಂದಕ್ಕೊಂದು ಅಂಟಗೊಡುವುದಿಲ್ಲ. ಉಗಿಗೂ ಸುಲಭಕ್ಕೆ ದಾರಿ ಬಿಡುವುದಿಲ್ಲ. ಅಷ್ಟರೊಳಗೆ 60-65 ಡಿಗ್ರಿಯ ಆಸುಪಾಸಿನಲ್ಲಿ ಪಿಷ್ಟ ನೀರು ಕುಡಿದು ಅಂಟಾಗುತ್ತದೆ, ಮುಂದೆ 70-80ರ ಹೊತ್ತಿಗೆ ಗ್ಲುಟೆನ್ ಗಟ್ಟಿಯಾಗುತ್ತದೆ. ಎತ್ತಿದ ಪದರು ಎತ್ತಿದಲ್ಲೇ ನಿಲ್ಲುತ್ತದೆ.

ಮೊದಲ ಹತ್ತು ನಿಮಿಷ ಓವನ್ನಿನ ಬಾಗಿಲು ತೆಗೆಯಬೇಡಿ ಎನ್ನುವುದು ಇದಕ್ಕೇ. ಶಾಖ ಇಳಿದರೆ ಉಗಿಯ ಒತ್ತಡ ಇಳಿಯುತ್ತದೆ, ಇನ್ನೂ ಹಸಿಯಾಗಿರುವ ಪದರುಗಳು ಕುಸಿದು ಕುಳಿತುಕೊಳ್ಳುತ್ತವೆ. ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ, ಏಕೆಂದರೆ ಎತ್ತುವಷ್ಟು ನೀರು ಅಷ್ಟು ಹೊತ್ತಿಗೆ ಉಳಿದಿರುವುದಿಲ್ಲ.

ಇಷ್ಟೆಲ್ಲ ಹಿಗ್ಗಿದರೂ ಹರಿಯದಿರಲು ಕಣಕಕ್ಕೆ ತಕ್ಕ ಗೋಧಿ ಬೇಕು. ಇಲ್ಲಿ ಧಾರವಾಡದ ಮಣ್ಣಿನ ಮಾತು ಹೇಳಲೇಬೇಕು. ನಮ್ಮ ಎರಿ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುತ್ತ ಬಂದದ್ದು ಬ್ರೆಡ್ಡಿನ ಗೋಧಿಯೊಂದೇ ಅಲ್ಲ. ಜವೆಗೋಧಿ ಇದೆ, ಕೆಲವರು ಸದಕ ಎನ್ನುತ್ತಾರೆ, ಮಹಾರಾಷ್ಟ್ರದ ಗಡಿಯ ಕಡೆ ಖಪಲಿ. ಹುಗ್ಗಿಗೆ, ಮಾದಲಿಗೆ ಅದರಷ್ಟು ರುಚಿಯ ಗೋಧಿ ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಗೋಧಿಯನ್ನು ಕೈಬಿಡದೆ ತಳಿ ಅಭಿವೃದ್ಧಿ ಮಾಡುತ್ತ ಬಂದಿದೆ. ಡಿಡಿಕೆ 1029 ಅಂಥದೊಂದು ತಳಿ. ಅಲ್ಲಿಂದಲೇ ಬಂದ ಡಿಡಬ್ಲ್ಯುಆರ್ 162 ಬ್ರೆಡ್ ಗೋಧಿಯ ತಳಿ.

ಎರಡಕ್ಕೂ ವ್ಯತ್ಯಾಸ ಏನು? ಜವೆಗೋಧಿಯ ಜೀವಕೋಶದಲ್ಲಿ 28 ವರ್ಣತಂತುಗಳು, ಬ್ರೆಡ್ ಗೋಧಿಯಲ್ಲಿ 42. ಸುಮಾರು 8-10 ಸಾವಿರ ವರ್ಷಗಳ ಹಿಂದೆ 28 ವರ್ಣತಂತುಗಳ ಗೋಧಿಯೊಂದು ಹೊಲದ ಬದಿಯ ಕಾಡುಹುಲ್ಲಿನೊಡನೆ ತಾನಾಗಿಯೇ ಸಂಕರಗೊಂಡಿತು. ಆ ಹುಲ್ಲು ಕೊಟ್ಟ 14 ವರ್ಣತಂತುಗಳ ಜೊತೆಗೆ ಗ್ಲುಟೆನಿನ್ ಎಂಬ ಪ್ರೋಟೀನಿನ ಉದ್ದುದ್ದ ಎಳೆಗಳನ್ನು ಕಟ್ಟುವ ಜೀನುಗಳೂ ಬಂದವು. ನೀರು ಹಾಕಿ ನಾದಿದಾಗ ಗ್ಲುಟೆನಿನ್ ಮತ್ತು ಗ್ಲಯಡಿನ್ ಸೇರಿ ಜಾಲ ಕಟ್ಟುತ್ತವೆ, ಅದೇ ಗ್ಲುಟೆನ್. ಗ್ಲುಟೆನಿನ್ ಎಳೆದಾಗ ಹಿಂದಕ್ಕೆ ಜಗ್ಗುತ್ತದೆ, ಗ್ಲಯಡಿನ್ ಜಾರಿಕೊಂಡು ಮುಂದಕ್ಕೆ ಹೋಗಗೊಡುತ್ತದೆ. ಕೂದಲೆಳೆಗಿಂತ ತೆಳುವಾದ ಪದರು ಹರಿಯದೆ ಹಿಗ್ಗಬೇಕಾದರೆ ಈ ಜಗ್ಗಾಟದ ಬಲ ಸಾಕಷ್ಟಿರಬೇಕು. ಜವೆಗೋಧಿಯಲ್ಲಿ ಪ್ರೋಟೀನ್ ಕಡಿಮೆಯೇನಿಲ್ಲ, ಆದರೆ ಆ ಹುಲ್ಲಿನ ಕೊಡುಗೆ ಇಲ್ಲದ್ದರಿಂದ ಅದರ ಜಾಲಕ್ಕೆ ಅಷ್ಟು ಬಿಗಿ ಇಲ್ಲ. ನಾದಿದ ಮೇಲೆ ಕಣಕವನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿ ನೆನೆಯಲು ಬಿಡುವುದು ಏಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ: ಬಿಗಿದುಕೊಂಡ ಎಳೆಗಳು ಆ ಹೊತ್ತಿನಲ್ಲಿ ಸಡಿಲಗೊಳ್ಳುತ್ತವೆ. ಬಿಡದೆ ಲಟ್ಟಿಸಿದರೆ ಹಾಳೆ ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ.

ಈಗ ದೊಡ್ಡವ್ವನ ಪ್ರಶ್ನೆಗೆ ಬರುತ್ತೇನೆ. ಅದರ ಉತ್ತರ ನನಗೆ ಮೊದಲು ಹೊಳೆದದ್ದು ಕೆಟ್ಟುಹೋದ ಒಂದು ತಟ್ಟೆಯಿಂದ. ಅದು ಏಪ್ರಿಲ್ ತಿಂಗಳು. ಹೊರಗೆ 37 ಡಿಗ್ರಿ ಇರಬೇಕು, ಅಡುಗೆಮನೆಯಲ್ಲಿ ಅದಕ್ಕೂ ಹೆಚ್ಚು. ಹಿಂದಿನ ದಿನ ಅರ್ಧ ಹಗಲು ಕರೆಂಟು ಇರಲಿಲ್ಲ. ಫ್ರೀಜರ್‌ನಲ್ಲಿದ್ದ ಬೆಣ್ಣೆಯ ಹಾಳೆ ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿತ್ತು. ಪ್ಯಾಕೆಟ್ಟಿನ ಒಳಮೈಗೆ ಹಳದಿ ಜಿಡ್ಡು ಮೆತ್ತಿದ್ದನ್ನು ನೋಡಿದರೂ ಗಮನಿಸದೆ ಎಂದಿನಂತೆ ಸಕ್ಕರೆ ಹಾಕಿ ಸುತ್ತಿ ಬೇಯಿಸಿದೆ. ತಟ್ಟೆಯ ತುಂಬ ಬೆಣ್ಣೆ ಸೋರಿ ಕುದಿಯಿತು. ತುಂಡುಗಳು ಏಳಲೇ ಇಲ್ಲ. ಮುರಿದರೆ ಪದರಿಲ್ಲ, ಮರಳು ಮರಳಾಗಿ ಉದುರಿತು. ರುಚಿ ಕೆಟ್ಟಿರಲಿಲ್ಲ, ಆದರೆ ಅದು ಬೇರೆಯದೇ ತಿನಿಸು. ತಿಂದವರು ನಾನಕಟಾಯಿ ಎಂದರು.

ಹಾಗೆಂದದ್ದು ಸರಿಯಾಗಿತ್ತು. ದೀಪಾವಳಿಯ ಮುಂದೆ ಮೈದಾ, ಸಕ್ಕರೆ, ತುಪ್ಪ ಅಥವಾ ಡಾಲ್ಡಾ ಡಬ್ಬಿಗಳಲ್ಲಿ ತುಂಬಿಕೊಂಡು ಓಣಿಯ ಬೇಕರಿಗೆ ಹೋಗಿ, ಅವರ ಭಟ್ಟಿಯಲ್ಲಿ ನಾನಕಟಾಯಿ ಬೇಯಿಸಿಕೊಂಡು ಬರುತ್ತಿದ್ದ ನೆನಪು ನಮ್ಮ ಕಡೆಯ ಅನೇಕ ಮನೆಗಳಲ್ಲಿದೆ. ನಾನಕಟಾಯಿಯಲ್ಲೂ ಮೈದಾ ಮತ್ತು ಕೊಬ್ಬು, ಪಫ್‌ನಲ್ಲೂ ಮೈದಾ ಮತ್ತು ಕೊಬ್ಬು. ನಾನಕಟಾಯಿಗೆ ಕೊಬ್ಬನ್ನು ಹಿಟ್ಟಿನೊಳಗೇ ತಿಕ್ಕಿ ಬೆರೆಸುತ್ತೇವೆ. ಒಂದೊಂದು ಕಣಕ್ಕೂ ಜಿಡ್ಡಿನ ಹೊದಿಕೆ ಬಿದ್ದು, ನೀರು ತಾಗದೆ, ಗ್ಲುಟೆನ್ ಜಾಲವೇ ಕಟ್ಟುವುದಿಲ್ಲ. ಅದಕ್ಕೇ ಬಾಯಲ್ಲಿಟ್ಟರೆ ಕರಗುತ್ತದೆ. ಪಫ್‌ನಲ್ಲಿ ಕೊಬ್ಬು ಹಿಟ್ಟಿನ ಪಕ್ಕದಲ್ಲಿ ಇರಬೇಕು, ಹಿಟ್ಟಿನೊಳಗೆ ಹೋಗಬಾರದು. ನನ್ನ ಫ್ರೀಜರ್‌ನಲ್ಲಿ ಆ ಅರ್ಧ ದಿನ ಬೆಣ್ಣೆ ತನ್ನ ಜಾಗ ಬಿಟ್ಟು ಕಣಕದೊಳಗೆ ಇಳಿದಿತ್ತು. ಮತ್ತೆ ಗಟ್ಟಿಯಾದರೂ ಹಳೆಯ ಜಾಗಕ್ಕೆ ಅದು ಮರಳಲಾರದು.

ಬೆಣ್ಣೆ ಕರಗುವುದು 32-35 ಡಿಗ್ರಿಯಲ್ಲಿ. ಪಫ್ ಹಾಳೆ ಹುಟ್ಟಿ ಬೆಳೆದ ಯುರೋಪಿನ ಚಳಿಯ ಅಡುಗೆಮನೆಗಳಲ್ಲಿ ಇದು ತೊಡಕಲ್ಲ. ಹುಬ್ಬಳ್ಳಿಯ ಬೇಸಿಗೆಯಲ್ಲಿ ಭಟ್ಟಿಯ ಪಕ್ಕ ನಿಂತು ಲಟ್ಟಿಸುವವನಿಗೆ ಇದೇ ದೊಡ್ಡ ತೊಡಕು. ಹಿಟ್ಟಿಗಿಂತ ಬೆಣ್ಣೆ ಮೆತ್ತಗಾದರೆ ಅಂಚಿನಿಂದ ಹೊರಗೆ ಬರುತ್ತದೆ. ಗಟ್ಟಿಯಾದರೆ ಒಳಗೇ ಚೂರುಚೂರಾಗಿ ಒಡೆದು ಪದರನ್ನು ಚುಚ್ಚುತ್ತದೆ. ಎರಡೂ ಒಂದೇ ಮೆತುವಿನಲ್ಲಿ ಇರಬೇಕು. ಬೇಕರಿಗಳು ಇದಕ್ಕೆ ಕಂಡುಕೊಂಡ ದಾರಿ 40 ಡಿಗ್ರಿ ದಾಟಿದರೂ ಗಟ್ಟಿಯಾಗಿ ಉಳಿಯುವ ಕೊಬ್ಬು. ದ್ರವರೂಪದ ಸಸ್ಯಜನ್ಯ ಎಣ್ಣೆಗೆ ನಿಕಲ್ ಲೋಹದ ಸಮ್ಮುಖದಲ್ಲಿ ಹೈಡ್ರೋಜನ್ ಹಾಯಿಸಿದರೆ ಅದು ಗಟ್ಟಿಯಾಗುತ್ತದೆ. ನಿಕಲ್‌ನಂಥ ಲೋಹಗಳ ಈ ಗುಣವನ್ನು ತೋರಿಸಿಕೊಟ್ಟದ್ದಕ್ಕೆ ಫ್ರಾನ್ಸಿನ ಪೌಲ್ ಸಬಾಟಿಯೆಗೆ 1912ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮಲ್ಲಿ ವನಸ್ಪತಿ ಎಂದು ಮನೆಮನೆಗೆ ಬಂದದ್ದು ಇದೇ ರಸಾಯನಶಾಸ್ತ್ರ. ನಮ್ಮ ಬೇಕರಿಗಳ ಖಾರಿ, ಪ್ಯಾಟಿಸ್, ಕ್ರೀಮ್ ರೋಲ್ ಎಲ್ಲ ಅದರ ಮೇಲೆ ನಿಂತವು.

ಅದರ ಬೆಲೆಯನ್ನು ಬಹಳ ವರ್ಷ ತೆತ್ತೆವು. ಅರ್ಧಂಬರ್ಧ ಹೈಡ್ರೋಜನ್ ಕುಡಿದ ಎಣ್ಣೆಯಲ್ಲಿ ಟ್ರಾನ್ಸ್ ಕೊಬ್ಬು ಉಂಟಾಗುತ್ತದೆ. ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ಹೃದಯಕ್ಕೆ ಎರಡು ಕಡೆಯಿಂದ ಪೆಟ್ಟು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ-ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರ ಜನವರಿಯಿಂದ ಶೇಕಡಾ 3ಕ್ಕೆ, 2022ರ ಜನವರಿಯಿಂದ ಶೇಕಡಾ 2ಕ್ಕೆ ಇಳಿಸಿತು. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೆಣ್ಣೆಯೋ, ತಾಳೆ ಎಣ್ಣೆಯ ಮಾರ್ಗರಿನ್ನೋ, ಟ್ರಾನ್ಸ್ ಕೊಬ್ಬು ಎಷ್ಟು ಎಂಬುದೆಲ್ಲ ಅಲ್ಲಿ ಇರುತ್ತದೆ. ಬೆಣ್ಣೆಯದಾದರೆ ತುಟ್ಟಿ, ಆದರೆ ನಾಲಿಗೆಗೆ ಅಂಟುವುದಿಲ್ಲ. ಬಾಯಿಯ ಶಾಖ ಸುಮಾರು 37 ಡಿಗ್ರಿ. ಬೆಣ್ಣೆ ಅಲ್ಲಿ ಕರಗುತ್ತದೆ, 40 ದಾಟಿದರೂ ಕರಗದ ಕೊಬ್ಬು ಅಂಗುಳಕ್ಕೆ ಮೇಣದಂತೆ ಮೆತ್ತಿಕೊಳ್ಳುತ್ತದೆ.

ಹಾಗಾದರೆ ಫ್ರೀಜರ್ ಇಲ್ಲದ, ವನಸ್ಪತಿ ಇಲ್ಲದ ಕಾಲದಲ್ಲಿ ನಮ್ಮ ಹೆಂಗಸರು ಬೇಸಿಗೆಯ ಮದುವೆಗಳಿಗೆ ಚಿರೋಟಿ ಹೇಗೆ ಮಾಡಿದರು? ಸಾಟಿಯಿಂದ. ತುಪ್ಪಕ್ಕೆ ಅಕ್ಕಿ ಹಿಟ್ಟು ಹಾಕಿ ಅಂಗೈಯಿಂದ ಗಂಗಾಳದಲ್ಲಿ ತಿಕ್ಕುತ್ತಾರೆ. ಮೊದಲು ಗಂಟುಗಂಟು, ಆಮೇಲೆ ಸಡಿಲ, ಕೊನೆಗೆ ಬೆಣ್ಣೆಯಂತೆ ಬೆಳ್ಳಗೆ ಉಬ್ಬಿ ಬೆರಳಿಗೆ ನಿಲ್ಲುವ ಹದ. ಮೂರೋ ಐದೋ ತೆಳುವಾದ ಹಾಳೆ ಲಟ್ಟಿಸಿ, ಒಂದರ ಮೇಲೊಂದಕ್ಕೆ ಇದನ್ನು ಸವರಿ, ಬಿಗಿಯಾಗಿ ಸುರುಳಿ ಸುತ್ತಿ, ತುಂಡು ಮಾಡಿ, ಕತ್ತರಿಸಿದ ಮೈ ಮೇಲೆ ಬರುವಂತಿಟ್ಟು ಹಗುರ ಕೈಯಿಂದ ಲಟ್ಟಿಸಿ ತುಪ್ಪದಲ್ಲಿ ಬಿಡುತ್ತಾರೆ. ಮೂರು ಹಾಳೆಯನ್ನು ಐದು ಸುತ್ತು ಸುತ್ತಿದರೆ ಹದಿನೈದು ವರ್ತುಲಗಳು. ಕರಿಯುವಾಗ ಹೂವಿನಂತೆ ಒಂದೊಂದೇ ಬಿಡಿಸಿಕೊಳ್ಳುವುದು ಅವೇ.

ಸಾಟಿಯಲ್ಲಿರುವ ವಿಜ್ಞಾನ ಕಂಡು ನಾನು ಬೆರಗಾಗಿದ್ದೇನೆ. ಬರೀ ತುಪ್ಪವಾದರೆ 35 ಡಿಗ್ರಿಯಲ್ಲಿ ನೀರಾಗಿ ಹರಿದು ಕಣಕಕ್ಕೆ ಇಂಗುತ್ತದೆ. ಅಕ್ಕಿಯ ಪಿಷ್ಟದ ಹರಳುಗಳು ಧಾನ್ಯಗಳಲ್ಲೇ ಅತಿ ಸಣ್ಣವುಗಳ ಸಾಲಿಗೆ ಸೇರುತ್ತವೆ, 3ರಿಂದ 8 ಮೈಕ್ರಾನ್. ತುಪ್ಪದಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಹರಳುಗಳು ಉಬ್ಬುವುದಿಲ್ಲ, ಕರಗುವುದಿಲ್ಲ. ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಅವುಗಳ ನಡುವೆ ಸಿಕ್ಕ ತುಪ್ಪ ಕರಗಿದರೂ ಹರಿದುಹೋಗಲು ಜಾಗವಿಲ್ಲ. ಒದ್ದೆ ಉಸುಕು ಗುಡ್ಡೆ ಹಾಕಿದರೆ ನಿಲ್ಲುವ ಹಾಗೆ ಸಾಟಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಕಣಕದ ಮೇಲ್ಮೈಯ ಪಸೆಯನ್ನು ಅಕ್ಕಿ ಹಿಟ್ಟು ಹೀರಿಕೊಂಡು ಎರಡು ಪದರುಗಳು ಅಂಟದಂತೆ ನೋಡಿಕೊಳ್ಳುತ್ತದೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಆದ್ದರಿಂದ ಎಷ್ಟು ತಿಕ್ಕಿದರೂ ಅದು ಜಿಗುಟಾಗುವುದಿಲ್ಲ. ಯುರೋಪಿನವರು ಪದರು ಕಾಯಲು ಚಳಿಯನ್ನು ನೆಚ್ಚಿದರು, ಕಾರ್ಖಾನೆಯವರು ಕೊಬ್ಬಿನ ಅಣುವನ್ನೇ ಬದಲಿಸಿದರು, ನಮ್ಮ ಅಡುಗೆಮನೆ ತುಪ್ಪವನ್ನು ತುಪ್ಪವಾಗಿಯೇ ಬಿಟ್ಟು ಅದಕ್ಕೊಂದು ಅಕ್ಕಿಯ ಎಲುಬುಗೂಡು ಕೊಟ್ಟಿತು. ಇದನ್ನು ಯಾರು ಮೊದಲು ಮಾಡಿದರೋ, ಆಕೆಯ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಹಿಟ್ಟಿನ ಅಡುಗೆ ನಮ್ಮಲ್ಲಿ ಹಗುರವಾಗಿ ಕಂಡ ವಿದ್ಯೆಯಲ್ಲ: 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಬರೆದ 'ಸೂಪಶಾಸ್ತ್ರ'ದಲ್ಲಿ ಪಿಷ್ಟಪಾಕಕ್ಕೇ ಒಂದು ಅಧ್ಯಾಯವಿದೆ.

ದೊಡ್ಡವ್ವನಿಗೆ ನಾನು ಕೊಟ್ಟ ಉತ್ತರ ಇಷ್ಟು: "ಇದರಾಗ ಸಾಟಿ ಇಲ್ಲವ್ವ. ಸಾಟಿ ಮಾಡೋ ಕೆಲಸ ಫ್ರಿಜ್ ಮಾಡೇತಿ." ಪ್ಯಾಕೆಟ್ಟಿಗೆ ಕೊಡುವ ದುಡ್ಡಿನಲ್ಲಿ ಮೈದಾ, ಕೊಬ್ಬುಗಳ ಪಾಲು ಚಿಕ್ಕದು. ಮಡಿಸಿ ತಣಿಸಿ, ಮತ್ತೆ ಮಡಿಸಿ ತಣಿಸಿ ಕಳೆದ ತಾಸುಗಳಿಗೆ, ಕಾರ್ಖಾನೆಯಿಂದ ನಮ್ಮ ಅಂಗಡಿಯವರೆಗೆ ಕಡಿಯದೆ ಬಂದ ತಂಪಿಗೆ ನಾವು ದುಡ್ಡು ಕೊಡುತ್ತೇವೆ.

ಸಕ್ಕರೆಯ ಬಗ್ಗೆ ಹೇಳದಿದ್ದರೆ ತಟ್ಟೆ ಅರ್ಧವೇ. ಹಾಳೆಗೆ ಸಕ್ಕರೆ ಉದುರಿಸಿ ಐದು ನಿಮಿಷ ಸುಮ್ಮನೆ ಬಿಟ್ಟು ನೋಡಿ. ಹರಳುಗಳು ಮಿನುಗುವುದು ನಿಂತು ಅಂಚು ಒದ್ದೆಯಾಗಿ, ಹಾಳೆಯ ಮೇಲೆ ಪಾಕದ ತೇವ ಕಾಣುತ್ತದೆ. ಸಕ್ಕರೆ ಕಣಕದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಿದೆ. ಆ ನೀರು ಒಳಗಿದ್ದರೆ ಉಗಿಯಾಗಿ ಪದರು ಎತ್ತುತ್ತಿತ್ತು; ಹೊರಗೆ ಬಂದರೆ ಸುರುಳಿ ಜಾರುತ್ತದೆ, ತಟ್ಟೆಗೆ ಅಂಟುತ್ತದೆ. ಆದ್ದರಿಂದ ಸಕ್ಕರೆ ಹಾಕಿದ ಮೇಲೆ ಮಾತಾಡುತ್ತ ನಿಲ್ಲಬಾರದು. ಓವನ್ನಿನಲ್ಲಿ ನೀರು ಇರುವವರೆಗೆ ಮೇಲ್ಮೈ 100 ಡಿಗ್ರಿಯ ಹತ್ತಿರವೇ ಇರುತ್ತದೆ, ಬಣ್ಣ ಬರುವುದಿಲ್ಲ. ನೀರು ಹೋದ ಮೇಲೆ ಶಾಖ ಭರಭರ ಏರುತ್ತದೆ. 160 ದಾಟಿದಾಗ ಸಕ್ಕರೆ ಒಡೆದು ಕ್ಯಾರಮೆಲ್ ಆಗತೊಡಗುತ್ತದೆ: ಮೊದಲು ಜೇನಿನ ಬಣ್ಣ, ಆಮೇಲೆ ತಾಮ್ರ, ಮರುನಿಮಿಷಕ್ಕೇ ಕಹಿ. ಹದಿನೈದನೇ ನಿಮಿಷದಿಂದ ಓವನ್ನಿನ ಗಾಜಿನ ಮುಂದೆಯೇ ಇರಬೇಕು.

ಬೇಕರಿಯವರು ಹೊಳಪಿಗೆ ಮೊಟ್ಟೆ ಸವರುತ್ತಾರೆ. ನಮ್ಮಲ್ಲಿ ಮೊಟ್ಟೆ ಸೇರದ ಮನೆಗಳು ಬಹಳ; ನಾನು ಸವರುವುದು ಹಾಲು. ಹಾಲಿನ ಪ್ರೋಟೀನಿನ ಅಮೈನೋ ಆಮ್ಲ ಮತ್ತು ಲ್ಯಾಕ್ಟೋಸ್ ಸಕ್ಕರೆ ಬಿಸಿಗೆ ಸಿಕ್ಕು ಕೂಡಿಕೊಂಡು ಕಂದು ಬಣ್ಣವನ್ನೂ ನೂರಾರು ಬಗೆಯ ಪರಿಮಳವನ್ನೂ ಹುಟ್ಟಿಸುತ್ತವೆ. ಇದನ್ನು ಮೊದಲು ವಿವರಿಸಿದ ಲೂಯಿ ಕಮಿಲ್ ಮೈಯಾರ್ ಕೂಡ ಫ್ರಾನ್ಸಿನವನೇ, ವರ್ಷವೂ ಅದೇ 1912. ಧಾರವಾಡದವರಿಗೆ ಈ ಕ್ರಿಯೆಯ ರುಚಿ ಬಾಲ್ಯದಿಂದ ಪರಿಚಿತ. ಉತ್ತರದ ಉನ್ನಾವ್ ಕಡೆಯಿಂದ 19ನೇ ಶತಮಾನದಲ್ಲಿ ಬಂದು ನೆಲೆಸಿದ ಠಾಕೂರ್ ಮನೆತನ ಧಾರವಾಡಕ್ಕೆ ಕೊಟ್ಟ ಪೇಢೆಯ ಕಂದು ಬಣ್ಣ, ಖವೆಯನ್ನು ಸಕ್ಕರೆಯೊಡನೆ ತಾಸುಗಟ್ಟಲೆ ಹುರಿಯುತ್ತ ತಿರುವುತ್ತ ಹೋದಾಗ ಬರುವ ಇದೇ ಮೈಯಾರ್ ಬಣ್ಣ.

ಹಾಳೆಯೊಳಗೆ ತುಂಬಲು ಏನು ಒಳ್ಳೆಯದು ಎಂದು ಕೇಳುವವರಿಗೆ ನನ್ನ ಮೊದಲ ಆಯ್ಕೆ ಇದೇ ಪೇಢೆ. ಎರಡು ಪೇಢೆ ಪುಡಿ ಮಾಡಿ ಚೌಕದ ನಡುವೆ ಇಟ್ಟು, ಅಂಚಿಗೆ ನೀರು ಹಚ್ಚಿ ಮಡಿಸಿ ಬೇಯಿಸಿದರೆ ಸಾಕು. ಪೇಢೆಯಲ್ಲಿ ಪಸೆ ಕಡಿಮೆ, ಆದ್ದರಿಂದ ಕೆಳಪದರು ನೆನೆಯುವುದಿಲ್ಲ. ಹೋಳಿಗೆಯ ಹೂರಣ ತುಂಬುವುದಾದರೆ ಬಾಣಲೆಯಲ್ಲಿ ಮತ್ತೊಮ್ಮೆ ಕೆದಕಿ ಒಣಗಿಸಿಕೊಳ್ಳಿ; ಇಲ್ಲದಿದ್ದರೆ ಅದರ ನೀರು ತಳದಲ್ಲಿ ನಿಂತು ಮೇಲೆ ಗರಿಗರಿ, ಕೆಳಗೆ ಹಸಿ ಆಗುತ್ತದೆ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುವುದರಿಂದ ಸಕ್ಕರೆಗಿಂತ ಬೇಗ ಕೆಂಪಾಗುತ್ತದೆ. 200ರ ಬದಲು 190 ಡಿಗ್ರಿ ಇಡುವುದು ಕ್ಷೇಮ.

ಪಫ್ ಹಾಳೆ ಸಿಗದ ಕಡೆ ಅರೆಬೆಂದ ಪರೋಟದ ಪ್ಯಾಕೆಟ್ ಸಿಗುತ್ತದೆ. ಪದರು ಅದರಲ್ಲೂ ಇವೆ. ಆದರೆ ಅದರ ಪಿಷ್ಟ ಆಗಲೇ ಅರ್ಧ ಬೆಂದು ಗೋಡೆಗಳು ಗಟ್ಟಿಯಾಗಿವೆ, ಆದ್ದರಿಂದ ಓವನ್ನಿನಲ್ಲಿ ಅದು ಗರಿಗರಿಯಾಗುತ್ತದೆಯೇ ಹೊರತು ಎತ್ತರಕ್ಕೆ ಏಳುವುದಿಲ್ಲ. ತುಪ್ಪ, ಸಕ್ಕರೆ ಹಚ್ಚಿ ತ್ರಿಕೋನವಾಗಿ ಕತ್ತರಿಸಿ ಬೇಯಿಸಿದರೆ ಚಹಾಕ್ಕೆ ಒಳ್ಳೆಯ ಜೊತೆ. ಈ ಅರೆಬೆಂದ ಸ್ಥಿತಿ ಒಮ್ಮೆ ತೆರಿಗೆಯ ಪ್ರಶ್ನೆಯೂ ಆಗಿತ್ತು. 2020ರಲ್ಲಿ ಬೆಂಗಳೂರಿನ ಐಡಿ ಫ್ರೆಶ್ ಕಂಪನಿಯ ಅರ್ಜಿಯ ಮೇಲೆ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು, ತಿನ್ನುವ ಮೊದಲು ಮತ್ತೆ ಬಿಸಿ ಮಾಡಬೇಕಾದ ಪರೋಟ ರೊಟ್ಟಿಯ ವರ್ಗಕ್ಕೆ ಸೇರದು, ಶೇಕಡಾ 5ರ ಬದಲು 18ರ ಜಿಎಸ್‌ಟಿ ಎಂದಿತು. ಆ ತೆರಿಗೆ ಪೂರ್ತಿ ಹೋದದ್ದು 2025ರ ಸೆಪ್ಟೆಂಬರ್ 22ರಿಂದ.

ಮಾಡಿದ್ದನ್ನು ಇಡುವ ಮಾತು. ಧಾರವಾಡದ ಜುಲೈ-ಆಗಸ್ಟ್ ಎಂದರೆ ದಿನಗಟ್ಟಲೆ ಜಿಟಿಜಿಟಿ. ಕ್ಯಾರಮೆಲ್ ಆದ ಸಕ್ಕರೆ ಗಾಜಿನಂತೆ ಹರಳಿಲ್ಲದ ಗಟ್ಟಿ. ಗಾಳಿಯ ತೇವ ತಾಗಿದರೆ ಮೆತ್ತಗಾಗಿ ಅಂಟುತ್ತದೆ, ಪದರೂ ಪಸೆ ಹೀರಿ ಬಾಗುತ್ತದೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಮೆತ್ತಗಾಗಿದ್ದರೆ 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ನೀರು ಹೋಗಿ ಮತ್ತೆ ಗರಿಗರಿ.

ಆ ಸಂಜೆ ಮಕ್ಕಳು ತಟ್ಟೆ ಖಾಲಿ ಮಾಡಿದ ಮೇಲೂ ದೊಡ್ಡವ್ವನ ತಲೆಯಿಂದ ಸಾಟಿ ಹೋಗಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಮೈದಾಕ್ಕೆ ಚಿರೋಟಿ ರವೆ ಬೆರೆಸಿ ನಾದಿದಳು, ತುಪ್ಪ ಮತ್ತು ಅಕ್ಕಿ ಹಿಟ್ಟು ತಿಕ್ಕಿದಳು. "ಪೆಟಗಿ ಕಾಯಿಸು" ಎಂದಳು. ಕರಿಯಬೇಕಾದ ಚಿರೋಟಿ ಹನ್ನೆರಡು, ಓವನ್ನಿನ ತಟ್ಟೆಯಲ್ಲಿ. 200 ಡಿಗ್ರಿ. ಗಾಜಿನ ಮುಂದೆ ನಾವಿಬ್ಬರೂ ಕುಕ್ಕರಗಾಲಿನಲ್ಲಿ ಕುಳಿತೆವು. ಆರನೇ ನಿಮಿಷಕ್ಕೆ ಹೊರವರ್ತುಲ ಮೊದಲು ಬಿಟ್ಟಿತು, ಆಮೇಲೆ ಅದರೊಳಗಿನದು. ಕರಿದಷ್ಟು ಅರಳಲಿಲ್ಲ, ಕಾದ ತುಪ್ಪ ನಾಲ್ಕೂ ಕಡೆಯಿಂದ ಒಮ್ಮೆಲೇ ಶಾಖ ಕೊಡುತ್ತದೆ, ಬಿಸಿಗಾಳಿ ನಿಧಾನಕ್ಕೆ ಕೊಡುತ್ತದೆ. ಆದರೂ ತಟ್ಟೆಗೆ ಒಂದು ಹನಿ ತುಪ್ಪ ಸೋರಿರಲಿಲ್ಲ. ದೊಡ್ಡವ್ವ ಒಂದನ್ನು ಮುರಿದು ಉಗುರಿನಿಂದ ಪದರು ಎಣಿಸಿದಳು. ಹದಿಮೂರರವರೆಗೆ ಎಣಿಸಿ, ಮುಂದಿನದನ್ನು ಬಾಯಿಗೆ ಹಾಕಿಕೊಂಡಳು.